ಮಣ್ಣಿಲ್ಲದ ಗಿಡಕ್ಕೆ ಎರಡು ಬಾಟಲಿ ಬೇಕು

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಈಚೆಗೆ ‘ಮಣ್ಣಿಲ್ಲದ ಕೃಷಿ’ಯ ಮಾದರಿಗಳು ಹೆಚ್ಚುತ್ತಿವೆ. ಪಿವಿಸಿ ಕೊಳವೆ, ಪುಟ್ಟ ಪಂಪು, ಸಾಲಾಗಿ ನಿಂತ ಹಸಿರು ಗಿಡಗಳು. ನೋಡಲು ಚೆನ್ನ. ಆದರೆ ‘ಈ ನೀರಿಗೆ ಏನು ಹಾಕಿದ್ದೀಯ? ಹಾಕದಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿದರೆ ಎಷ್ಟೋ ಮಕ್ಕಳು ಶಿಕ್ಷಕರ ಮುಖ ನೋಡುತ್ತಾರೆ. ತಪ್ಪು ಮಗುವಿನದಲ್ಲ. ಹೋಲಿಸಿ ನೋಡಲು ಅದಕ್ಕೆ ಇನ್ನೊಂದು ಗಿಡವನ್ನು ನಾವು ಕೊಟ್ಟಿಲ್ಲ.

ಜಲಕೃಷಿ ಶಾಲೆಗೆ ಬರಲಿ. ಆದರೆ ಮಾದರಿಯಾಗಿ ಅಲ್ಲ, ಪ್ರಯೋಗವಾಗಿ ಬರಲಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಪಂಪು ಬೇಡ, ಒಂದು ಲೀಟರಿನ ಎರಡು ಖಾಲಿ ಬಾಟಲಿ ಸಾಕು.

ಬಾಟಲಿಯ ಮೇಲ್ಭಾಗ ಕತ್ತರಿಸಿ, ಮುಚ್ಚಳ ತೆಗೆದು, ಆಲಿಕೆಯಂತೆ ತಲೆಕೆಳಗಾಗಿ ಕೆಳಭಾಗದೊಳಗೆ ಕೂರಿಸಿ. ಹತ್ತಿಬಟ್ಟೆಯ ಬತ್ತಿಯನ್ನು ಅದರ ಬಾಯಿಯಲ್ಲಿ ಬಿಗಿಯಾಗಿ ತೂರಿಸಿ ನೀರಿಗೆ ಇಳಿಬಿಡಿ. ಮೇಲೆ ಚೆನ್ನಾಗಿ ತೊಳೆದ ಮರಳು ತುಂಬಿ, ನೆನೆಸಿದ ಮೆಂತ್ಯದ ಕಾಳು ಹಾಕಿ. ಬತ್ತಿ ಮಾತ್ರ ನೀರಿನಲ್ಲಿ ಮುಳುಗಿರಲಿ. ಬೇರಿಗೂ ಗಾಳಿ ಬೇಕಲ್ಲವೇ? ಬಾಟಲಿಗೆ ಕಪ್ಪು ಕಾಗದ ಸುತ್ತಿದರೆ ಪಾಚಿ ಕಟ್ಟುವುದಿಲ್ಲ.

ಒಂದು ಬಾಟಲಿಗೆ ಬರಿಯ ನೀರು. ಇನ್ನೊಂದಕ್ಕೆ ಅದೇ ನೀರಿನ ಜೊತೆ, ಗೊಬ್ಬರದ ಅಂಗಡಿಯಲ್ಲಿ ಸಿಗುವ ನೀರಿನಲ್ಲಿ ಕರಗುವ 19:19:19 ಗೊಬ್ಬರ, ಲೀಟರಿಗೆ 1 ಗ್ರಾಂ. ಇದರಲ್ಲಿ ಕ್ಯಾಲ್ಸಿಯಂ ಇಲ್ಲ. ಕೊಳವೆಬಾವಿಯ ಗಡಸು ನೀರಾದರೆ ಅದರಿಂದಲೇ ಸಿಗುತ್ತದೆ. ಗೊಬ್ಬರವನ್ನು ಶಿಕ್ಷಕರೇ ತೂಗಿ ಬೆರೆಸಬೇಕು. ಬಾಟಲಿಯ ಮೇಲೆ ‘ಕುಡಿಯಬಾರದು’ ಎಂದು ಬರೆದಿರಬೇಕು.

ಮೊದಲ ಕೆಲವು ದಿನ ಎರಡೂ ಒಂದೇ ರೀತಿ ಬೆಳೆಯುತ್ತವೆ. ಬೀಜದಳಗಳಲ್ಲಿ ಆಹಾರದ ಸಂಗ್ರಹವಿದೆ. ಅದು ಮುಗಿದ ಮೇಲೆ ಬರಿಯ ನೀರಿನ ಗಿಡ ಸೊರಗುತ್ತದೆ. ಸಾರಜನಕದ ಕೊರತೆಯಾದರೆ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ, ಏಕೆಂದರೆ ಗಿಡ ಅಲ್ಲಿಂದ ಸಾರಜನಕವನ್ನು ತೆಗೆದು ಚಿಗುರಿಗೆ ಕಳಿಸುತ್ತದೆ. ದಯವಿಟ್ಟು ಈ ಬಡಕಲು ಗಿಡವನ್ನು ಎಸೆಯಬೇಡಿ. ಪಾಠ ಹೇಳುವುದು ಅದೇ.

ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂದು ನಂಬಿದ ಮಕ್ಕಳು ಇಂದಿಗೂ ಇದ್ದಾರೆ. ಬ್ರಸೆಲ್ಸ್‌ನ ವಾನ್ ಹೆಲ್ಮಾಂಟ್ 5 ಪೌಂಡಿನ ವಿಲೋ ಗಿಡವೊಂದನ್ನು 200 ಪೌಂಡ್ ಒಣಮಣ್ಣಿನಲ್ಲಿ ನೆಟ್ಟು, 5 ವರ್ಷ ನೀರೆರೆದ. ಗಿಡ 169 ಪೌಂಡ್ ದಾಟಿತು, ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ. 1648ರಲ್ಲಿ ಇದು ಪ್ರಕಟವಾಯಿತು. ಗಿಡವೆಲ್ಲ ನೀರಿನಿಂದಲೇ ಆಯಿತೆಂದು ಆತ ತೀರ್ಮಾನಿಸಿದ. ಗಾಳಿಯ ಇಂಗಾಲದ ಡೈಆಕ್ಸೈಡ್ ಅವನಿಗೆ ಹೊಳೆಯಲಿಲ್ಲ, ಆ 2 ಔನ್ಸ್‌ನ ಬೆಲೆಯೂ ತಿಳಿಯಲಿಲ್ಲ. ಆ ಬೆಲೆಯನ್ನು ನಮ್ಮ ಎರಡನೆಯ ಬಾಟಲಿ ತೋರಿಸುತ್ತದೆ.

ಇದರಿಂದ ಮಣ್ಣು ಕೀಳಾಗುವುದಿಲ್ಲ. ನಾವು ತೂಗಿ ಹಾಕುವ ಲವಣಗಳನ್ನು ಹೊಲದ ಮಣ್ಣು ಹಿಡಿದಿಟ್ಟುಕೊಂಡು ಬೇರಿಗೆ ಒದಗಿಸುತ್ತದೆ ಎಂಬುದನ್ನು ರೈತರ ಮಕ್ಕಳು ಇಲ್ಲಿ ಕಣ್ಣಾರೆ ಕಾಣುತ್ತಾರೆ.

ಮುಂದಿನ ಪ್ರದರ್ಶನಕ್ಕೆ ಎರಡೂ ಬಾಟಲಿಗಳನ್ನು ತನ್ನಿ. ಜೊತೆಗೆ, ಮಕ್ಕಳು ನಾಲ್ಕು ವಾರ ಗಿಡದ ಎತ್ತರ, ಎಲೆಗಳ ಸಂಖ್ಯೆ, ಬಣ್ಣವನ್ನು ಬರೆದಿಟ್ಟ ನೋಟ್‌ಪುಸ್ತಕವೂ ಇರಲಿ. ತೀರ್ಪುಗಾರರು ಮೊದಲು ಅದನ್ನೇ ಓದಲಿ.