ಗೋಲ್ ಕೀಪರನ್ನು ಬೈಯುವ ಮೊದಲು



ಹೋಬಳಿ ಮಟ್ಟದ ಫುಟ್‌ಬಾಲಿನಲ್ಲಿ ನಮ್ಮ ಶಾಲೆ 3-0 ಗೋಲುಗಳಿಂದ ಸೋತಿತು. ಅಂದಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, "ಕೀಪರ್ ಬಿಟ್ಟ." ಈ ಮಾತು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಅವನು ಮೂರು ಬಿಟ್ಟ, ನಿಜ. ಆದರೆ ನಾವು ಹೊಡೆದದ್ದು ಎಷ್ಟು? ಸೊನ್ನೆ! ಮೂರರಲ್ಲಿ ಎರಡನ್ನು ಹಿಡಿದಿದ್ದರೂ ನಾವು ಸೋಲುತ್ತಿದ್ದೆವು.

ನಮ್ಮಲ್ಲಿ ಕೀಪರನ್ನು ಆರಿಸುವ ಕ್ರಮ ಎಲ್ಲರಿಗೂ ಗೊತ್ತು. ಚಿಕ್ಕವನು, ತಡವಾಗಿ ಬಂದವನು, ಜೋರಾಗಿ ಓಡಲಾರದವನು ಸಿಕ್ಕಿದರೆ "ಹೋಗೋ, ಗೋಲಲ್ಲಿ ನಿಲ್ಲು" ಅಂತೀವಿ. ಚೆಂಡು ಕಾಫಿ ತೋಟದೊಳಗೆ ಹೋದರೆ ತರುವವನೂ ಅವನೇ, ಮಳೆಗಾಲದಲ್ಲಿ ಇಂಬಳ ಕಚ್ಚಿಸಿಕೊಳ್ಳುವವನೂ ಅವನೇ. ಅವನ ಬೆನ್ನ ಹಿಂದಿರುವ ಗೋಲು ಮಾತ್ರ 24 ಅಡಿ ಅಗಲ!

ಗೋಲು ಕಾಯುವುದು ಉಳಿದವರ ಕೆಲಸ ಅಲ್ಲ. ನಮ್ಮ ಬೆಂಗಳೂರಿನ ಆಶಿಷ್ ಬಲ್ಲಾಳ್ ಅವರನ್ನು ನೋಡಿ. ಅವರದ್ದು ಹಾಕಿ, ನಮ್ಮದು ಫುಟ್‌ಬಾಲ್. ಗೋಲಿನಲ್ಲಿ ನಿಂತವನ ಪಾಡು ಎರಡರಲ್ಲೂ ಒಂದೇ. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದವರು ಅವರು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತ, ದಕ್ಷಿಣ ಕೊರಿಯಾ 1-1 ಸಮ ಆದವು. ಆಮೇಲೆ ಪೆನಾಲ್ಟಿ ಸ್ಟ್ರೋಕ್. ಚೆಂಡು ಬರೀ ಏಳು ಗಜ ದೂರ, ಅಡ್ಡ ಒಬ್ಬನೇ ಕೀಪರ್. ಬಲ್ಲಾಳ್ ಎರಡು ಹೊಡೆತ ತಡೆದರು. 32 ವರ್ಷದ ನಂತರ ಭಾರತಕ್ಕೆ ಆ ಚಿನ್ನ ಬಂತು. ಅದಕ್ಕೂ ಮುಂಚೆ, 1966ರಲ್ಲಿ ಚಿನ್ನ ಗೆದ್ದ ತಂಡದ ನಾಯಕ ಶಂಕರ್ ಲಕ್ಷ್ಮಣ್ ಸಹ ಗೋಲ್ ಕೀಪರೇ!

ಆದರೆ ಕೀಪರ್ ತಡೆದರೆ ಸಾಕೇ? ಸಾಲದು. ಮೆಕ್ಸಿಕೋ ದೇಶದ ಹೋರ್ಹೆ ಕಾಂಪೋಸ್ ಎತ್ತರದ ಆಳಲ್ಲ, ಬಣ್ಣಬಣ್ಣದ ಅಂಗಿ ತೊಟ್ಟು ಆಡುತ್ತಿದ್ದ ಕೀಪರ್. 1994ರ ವಿಶ್ವಕಪ್‌ನಲ್ಲಿ ಬಲ್ಗೇರಿಯಾ ಹೊಡೆದ ಮೊದಲ ಪೆನಾಲ್ಟಿಯನ್ನೇ ತಡೆದರು. ಆದರೆ ಅವರ ಕಡೆಯವರು ಮೂರು ಪೆನಾಲ್ಟಿ ಹಾಳು ಮಾಡಿದರು. ಮೆಕ್ಸಿಕೋ ಸೋತಿತು. ಇದನ್ನು ಕೀಪರ್ ಸೋಲು ಅನ್ನಲು ಬರುತ್ತದೆಯೇ?

ಇನ್ನೊಂದು ಮಾತು. ಚಿನ್ನ ಗೆದ್ದು ಬಂದ ಸ್ವಲ್ಪ ಸಮಯದಲ್ಲೇ ನಾಯಕ ಧನರಾಜ್ ಪಿಳ್ಳೆ, ಬಲ್ಲಾಳ್ ಸೇರಿ ಹಲವರನ್ನು ತಂಡದಿಂದ ಕೈಬಿಟ್ಟರು. ಗೆಲ್ಲಿಸಿದವರನ್ನೇ ಮರೆಯುವವರು ಸೋತಾಗ ಬಿಡುತ್ತಾರೆಯೇ? ದೊಡ್ಡವರ ಆ ಗುಣ ನಮ್ಮ ಶಾಲೆಗೆ ಬೇಡ.

ನನ್ನ ಸಲಹೆ ಮೂರು. ಒಂದು, ಕೀಪರನ್ನು ಒತ್ತಾಯದಿಂದ ನಿಲ್ಲಿಸಬಾರದು. ಇಷ್ಟ ಇದ್ದವನಿಗೆ ದಿನಾ ಬೇರೆಯಾಗಿ ಅಭ್ಯಾಸ ಕೊಡಿಸಬೇಕು. ಎರಡು, ಆಟದ ಸಾಮಾನು ತರಿಸುವಾಗ ಕೀಪರ್‌ಗೆ ಒಂದು ಜೊತೆ ಗ್ಲೌಸ್ ತರಿಸಬೇಕೆಂದು ಗುರುಗಳಲ್ಲಿ ವಿನಂತಿ. ಮೂರು, ಚೆಂಡನ್ನು ತೋಟಕ್ಕೆ ಹೊಡೆದವನೇ ಹೋಗಿ ತರಬೇಕು!

ನಮ್ಮ ಕೀಪರ್ ಎರಡು ವಾರದಿಂದ ಮೈದಾನದ ಕಡೆ ತಲೆ ಹಾಕಿಲ್ಲ. ಬೆಲ್ ಹೊಡೆದ ಕೂಡಲೇ ಚೀಲ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಮುಂದಿನ ವರ್ಷವೂ ಪಂದ್ಯ ಇದೆ, ಆಗ ಗೋಲಲ್ಲಿ ಯಾರು ನಿಲ್ತೀರಿ? ನಾಳೆ ಸಂಜೆ ನಾವೆಲ್ಲ ಹೋಗಿ ಅವನನ್ನು ಕರೆಯೋಣ.

– ಬ್ಯಾಕ್ ಆಡುವವನು, 9ನೇ ತರಗತಿ