ಆಟಿಸಂ ಇರುವ ವಯಸ್ಕರಿಗೆ ಹತ್ತಿರದ ಡಾಕ್ಟರು ಯಾರು?

ಪ್ರತಿ ವರ್ಷ ಏಪ್ರಿಲ್ 2ರಂದು ವಿಶ್ವ ಆಟಿಸಂ ಜಾಗೃತಿ ದಿನ ಬರುತ್ತದೆ. ಅಂದು ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳನ್ನು ಓದುಗರು ಒಮ್ಮೆ ಗಮನಿಸಬೇಕು. ಬಹುತೇಕ ಎಲ್ಲವೂ ಮಕ್ಕಳ ಚಿತ್ರಗಳೇ. ಆದರೆ ಆಟಿಸಂ, ಅಂದರೆ ಸ್ವಲೀನತೆ, ಬಾಲ್ಯದೊಂದಿಗೆ ಮುಗಿಯುವುದಿಲ್ಲ, ಬದುಕಿನುದ್ದಕ್ಕೂ ಜತೆಗಿರುತ್ತದೆ. 1943ರಲ್ಲಿ ಡಾ. ಲಿಯೋ ಕ್ಯಾನರ್ ಅಮೆರಿಕದಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಆ ಪೈಕಿ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್ ಮುಂದೆ ಬ್ಯಾಂಕಿನಲ್ಲಿ ದುಡಿದು, ಗಾಲ್ಫ್ ಆಡಿ, ದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಆಟಿಸಂ ಇರುವ ಮಗುವೂ ಬೆಳೆಯುತ್ತದೆ. ಅದಕ್ಕೂ ಹಲ್ಲುನೋವು ಬರುತ್ತದೆ, ಬಿಪಿ, ಶುಗರ್ ಬರುತ್ತದೆ, ಮುಪ್ಪೂ ಬರುತ್ತದೆ. ಆಗ ಅವರನ್ನು ನೋಡುವ ಡಾಕ್ಟರು ಯಾರು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಸಾವಿರ ಜನರಿರುವ ಒಂದು ಧರ್ಮಕೇಂದ್ರದಲ್ಲಿ ಏಳೆಂಟು ಮಂದಿ ಎಂದು ಲೆಕ್ಕ ಹಾಕಬಹುದು. ಅವರಲ್ಲಿ ಹೆಚ್ಚಿನವರು ವಯಸ್ಕರೇ ಆಗಿರಬೇಕು.

ಈ ಪ್ರಶ್ನೆಯನ್ನು ನಾವು ಕರಾವಳಿಯ ಹಳ್ಳಿಯಿಂದ ಆರಂಭಿಸದೆ, ಬೆಂಗಳೂರಿನ ಹಳೆಯ ಪೇಟೆಯಿಂದ ಆರಂಭಿಸುತ್ತೇವೆ. ಬಳೇಪೇಟೆ ನಮ್ಮವರಿಗೆ ಅಪರಿಚಿತ ಜಾಗವೇನಲ್ಲ. ಮದುವೆಯ ಜವಳಿಗೆಂದು ಚಿಕ್ಕಪೇಟೆಗೆ ಹೋದವರು, ಗಾಯನ ಮಂಡಳಿಗೆ ಹಾರ್ಮೋನಿಯಂ, ತಬಲ ತರಲು ಹೋದವರು ಆ ಬೀದಿಗಳಲ್ಲಿ ನಡೆದವರೇ. ಅಲ್ಲಿ ಆಸ್ಪತ್ರೆಗೆ ಬರವಿಲ್ಲ. 1900ರಲ್ಲಿ ಆರಂಭವಾದ ವಿಕ್ಟೋರಿಯ ಆಸ್ಪತ್ರೆ, ಅದರ ಪಕ್ಕದ ವಾಣಿ ವಿಲಾಸ, ಕಣ್ಣಿಗೆ ಮಿಂಟೊ, ನೃಪತುಂಗ ರಸ್ತೆಯಲ್ಲಿ ಗುಡ್ ಶೆಫರ್ಡ್ ಧರ್ಮಭಗಿನಿಯರು 1886ರಲ್ಲಿ ಸ್ಥಾಪಿಸಿದ ಸೈಂಟ್ ಮಾರ್ಥಾಸ್, ಸ್ವಲ್ಪ ದೂರದಲ್ಲಿ ನಿಮ್ಹಾನ್ಸ್. ಇಷ್ಟೆಲ್ಲ ಇರುವ ಕಡೆಯಲ್ಲೇ ಆಟಿಸಂ ಇರುವ ನಲವತ್ತರ ವ್ಯಕ್ತಿಯೊಬ್ಬನಿಗೆ ಜ್ವರ ಬಂದರೆ ಎಲ್ಲಿಗೆ ಕರೆದೊಯ್ಯುವುದೆಂದು ಮನೆಯವರು ತಡವರಿಸಬೇಕಾಗುತ್ತದೆ ಎಂದರೆ, ಬೆಳ್ತಂಗಡಿ, ಕಾರ್ಕಳದ ಒಳಭಾಗದ ಕುಟುಂಬಗಳ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಡವರಿಕೆ ಯಾಕೆ? ಇಕ್ಕಟ್ಟಾದ ಬೀದಿ, ಬಿಡದೆ ಬಡಿಯುವ ಹಾರ್ನ್, ಕೈಗಾಡಿ, ಜನಜಂಗುಳಿ. ಅದನ್ನು ದಾಟಿ ಒಪಿಡಿಗೆ ಬಂದರೆ ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಇನ್ನೊಂದು ಸಾಲು, ರಕ್ತಪರೀಕ್ಷೆಗೆ ಮತ್ತೊಂದು. ಟ್ಯೂಬ್‌ಲೈಟಿನ ಮಿಣುಕಾಟ, ಫಿನಾಯಿಲ್ ವಾಸನೆ, ಮೈಗೆ ಮೈ ತಾಗುವ ಜನ. ನಮಗೆ ಬರೀ ಕಿರಿಕಿರಿ ಎನಿಸುವುದು ಆಟಿಸಂ ಇರುವ ಎಷ್ಟೋ ಮಂದಿಗೆ ತಡೆಯಲಾರದ ಹಿಂಸೆ. ಕೊನೆಗೆ ಡಾಕ್ಟರ ಮುಂದೆ ಕುಳಿತಾಗ ಸಿಗುವುದು ಎರಡು ಮೂರು ನಿಮಿಷ. "ಎಲ್ಲಿ ನೋವು? ಎಷ್ಟು ದಿನದಿಂದ?" ಎಂಬ ಪ್ರಶ್ನೆಗೆ ಉತ್ತರ ಕೂಡಿಸಲು ಅವನಿಗೆ ಬೇಕಾಗುವುದು ಅದಕ್ಕಿಂತ ಹೆಚ್ಚು ಸಮಯ. ಅಷ್ಟರಲ್ಲಿ ತಾಯಿ ಉತ್ತರ ಹೇಳಿರುತ್ತಾರೆ, ಡಾಕ್ಟರು ಮಾತ್ರೆ ಬರೆದಿರುತ್ತಾರೆ.

ಇದು ನಮ್ಮ ದೇಶದ ಬಡತನದಿಂದ ಮಾತ್ರ ಹುಟ್ಟಿದ ತೊಂದರೆ ಎಂದುಕೊಳ್ಳಬೇಡಿ. ಸ್ವತಃ ಆಟಿಸಂ ಇರುವ ಐರಿಷ್ ವೈದ್ಯೆ ಡಾ. ಮೇರಿ ಡೊಹೆರ್ಟಿ ಮತ್ತು ಸಂಗಡಿಗರು 507 ಆಟಿಸಂ ಇರುವ ವಯಸ್ಕರನ್ನು ವಿಚಾರಿಸಿ 2022ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಸಾಮಾನ್ಯ ವೈದ್ಯರ ಬಳಿ ಹೋಗುವುದೇ ಕಷ್ಟ ಎಂದವರು ಅವರಲ್ಲಿ ಶೇ. 80. ಆಟಿಸಂ ಇಲ್ಲದವರಲ್ಲಿ ಹಾಗೆಂದವರು ಶೇ. 37. ಕಾರಣಗಳಲ್ಲಿ ಮೊದಲನೆಯದು ಏನು ಗೊತ್ತೇ? ತನಗಾಗುತ್ತಿರುವ ತೊಂದರೆ ಡಾಕ್ಟರಿಗೆ ತೋರಿಸುವಷ್ಟು ದೊಡ್ಡದೋ ಅಲ್ಲವೋ ಎಂದೇ ತಿಳಿಯದಿರುವುದು, ಶೇ. 72. ಫೋನ್ ಮಾಡಿ ಸಮಯ ಗೊತ್ತುಮಾಡಲಾಗದವರು ಶೇ. 62. ಕಾಯುವ ಕೋಣೆಯೇ ಅಡ್ಡಿ ಎಂದವರು ಅರ್ಧಕ್ಕಿಂತ ಹೆಚ್ಚು. ಇವರು ಸಮೀಕ್ಷೆಯ ಪ್ರಶ್ನೆಗಳಿಗೆ ತಾವೇ ಉತ್ತರಿಸಬಲ್ಲವರು ಎಂಬುದನ್ನೂ ಮರೆಯಬಾರದು. ಮಾತೇ ಬಾರದವರ ಕಷ್ಟ ಈ ಲೆಕ್ಕದೊಳಗೆ ಬಂದೇ ಇಲ್ಲ.

ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಸಂಗತಿಯಿದೆ. ಆಟಿಸಂ ಎಂಬ ಒಂದು ಪದ ಚೀಟಿಯಲ್ಲಿ ಕಂಡರೆ ಸಾಕು, ಉಳಿದ ಎಲ್ಲ ತೊಂದರೆಗಳನ್ನೂ ಅದರ ಲೆಕ್ಕಕ್ಕೇ ಬರೆಯುವ ರೂಢಿ. ಸುಮ್ಮನಿರುತ್ತಿದ್ದವನು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ, ಊಟ ಬಿಟ್ಟರೆ, ರಾತ್ರಿಯಿಡೀ ನಿದ್ದೆಯಿಲ್ಲದೆ ಅಡ್ಡಾಡಿದರೆ ಹುಳುಕುಹಲ್ಲು ಇರಬಹುದು, ಕಿವಿ ಸೋರುತ್ತಿರಬಹುದು, ಎಷ್ಟೋ ದಿನದ ಮಲಬದ್ಧತೆ ಇರಬಹುದು. ಬಾಯಿ ತೆರೆಸಿ, ಹೊಟ್ಟೆ ಮುಟ್ಟಿ ನೋಡುವ ಬದಲು "ನಿಮ್ಹಾನ್ಸಿಗೆ ಕರೆದುಕೊಂಡು ಹೋಗಿ" ಎಂದರೆ ಹಲ್ಲು ನೋಡುವವರು ಯಾರು? ದೊಡ್ಡ ಆಸ್ಪತ್ರೆಯಲ್ಲಿ ಸಿಟ್ಟು ತಗ್ಗಿಸುವ ಮಾತ್ರೆ ಕೊಟ್ಟರೆಂದಿಟ್ಟುಕೊಳ್ಳೋಣ. ಅಂಥ ಕೆಲವು ಮಾತ್ರೆಗಳಿಂದ ತೂಕ ಏರುತ್ತದೆ, ಶುಗರ್ ಏರುತ್ತದೆ. ಅದನ್ನು ಆಗಾಗ ನೋಡಬೇಕಾದದ್ದು ಮನೆ ಹತ್ತಿರದ ಡಾಕ್ಟರೇ. ಅವರೋ, ಇದು ನಿಮ್ಹಾನ್ಸಿನ ಕೇಸು ಎಂದು ಕೈಬಿಟ್ಟಿರುತ್ತಾರೆ. ಇಂಗ್ಲೆಂಡಿನಲ್ಲಿ ಆಲಿವರ್ ಮೆಕ್‌ಗೋವನ್ ಎಂಬ 18ರ ಯುವಕ ತನಗೆ ಬೇಡವೆಂದರೂ, ತಂದೆತಾಯಿ ಬೇಡವೆಂದರೂ ಕೊಟ್ಟ ಇಂಥದೇ ಔಷಧದ ನಂತರ 2016ರಲ್ಲಿ ತೀರಿಕೊಂಡ. ಆತನ ತಾಯಿಯ ಪಟ್ಟು ಬಿಡದ ಹೋರಾಟದಿಂದ ಅಲ್ಲಿ 2022ರ ಕಾಯಿದೆಯಲ್ಲಿ ಆರೋಗ್ಯ ಸಿಬ್ಬಂದಿಗೆಲ್ಲ ಆಟಿಸಂ ಬಗ್ಗೆ ತರಬೇತಿ ಕಡ್ಡಾಯವಾಯಿತು. ಸ್ವೀಡನ್ನಿನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೃತರಾದ ಆಟಿಸಂ ಇರುವವರ ಸರಾಸರಿ ವಯಸ್ಸು ಸುಮಾರು 54, ಉಳಿದವರದು 70. ಆ 16 ವರ್ಷಗಳ ಅಂತರಕ್ಕೆ ಕಾರಣಗಳು ಹಲವು. ವೇಳೆಗೆ ಸರಿಯಾಗಿ ನೋಡದೆ ಬಿಟ್ಟ ಸಾಮಾನ್ಯ ಕಾಯಿಲೆಗಳು ಅವುಗಳಲ್ಲಿಲ್ಲ ಎಂದು ನಾವು ನಂಬಲಾರೆವು.

ಇನ್ನು ನಮ್ಮ ಸರಕಾರಗಳ ಕಡೆ ನೋಡೋಣ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಒಳ್ಳೆಯದೇ. ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳ ಬೆಳವಣಿಗೆಯ ಕುಂಠಿತಗಳನ್ನು ಪತ್ತೆ ಮಾಡುವ ಯೋಜನೆ. ಆದರೆ 18 ತುಂಬಿದ ದಿನ ಅದು ಮುಗಿಯುತ್ತದೆ. ಈಗ ನಲವತ್ತು ಐವತ್ತರಲ್ಲಿ ಇರುವವರಿಗಂತೂ ಅದೂ ಸಿಗಲಿಲ್ಲ. 1995ರ ಅಂಗವಿಕಲರ ಕಾಯಿದೆ ಗುರುತಿಸಿದ ಏಳು ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಹೆಸರು ಬಂತು, 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ವೈಕಲ್ಯಗಳಲ್ಲಿ ಸೇರಿತು. ಅದಕ್ಕೆ ಮೊದಲು ಸರ್ಟಿಫಿಕೇಟು ಪಡೆದ ಎಷ್ಟೋ ಮಂದಿ ಕಾಗದದಲ್ಲಿ ಇಂದಿಗೂ "ಬುದ್ಧಿಮಾಂದ್ಯ". ಚೆನ್ನಾಗಿ ಮಾತಾಡಿ, ಓದಿ, ಕೆಲಸಕ್ಕೆ ಸೇರಿದವರಿಗೆ ಆ ಕಾಗದವೂ ಇಲ್ಲ. ಅವರನ್ನು ಊರು "ಸ್ವಲ್ಪ ವಿಚಿತ್ರ ಸ್ವಭಾವ" ಎಂದು ಬಿಟ್ಟುಬಿಟ್ಟಿದೆ.

ಹೆಚ್ಚಿನವರಿಗೆ ತಿಳಿಯದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. 2016ರ ಕಾಯಿದೆಯ 25ನೇ ಕಲಮಿನ ಪ್ರಕಾರ ಸರಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳಲ್ಲೂ ತಡೆಯಿಲ್ಲದ ಪ್ರವೇಶ ಇರಬೇಕು, ವಿಕಲಚೇತನರನ್ನು ನೋಡುವುದರಲ್ಲೂ ಚಿಕಿತ್ಸೆ ಕೊಡುವುದರಲ್ಲೂ ಆದ್ಯತೆ ಇರಬೇಕು. ಆಸ್ಪತ್ರೆಯವರು ಇದನ್ನು ಅರ್ಥ ಮಾಡಿಕೊಂಡಿರುವುದು ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸುವುದು ಎಂದು. ಗದ್ದಲವೂ ತಡೆಯೇ, ಎರಡು ತಾಸಿನ ಕಾಯುವಿಕೆಯೂ ತಡೆಯೇ ಎಂಬುದು ಇನ್ನೂ ಯಾರ ತಲೆಗೂ ಹೋದಂತಿಲ್ಲ. ಯುಡಿಐಡಿ ಕಾರ್ಡು ತೋರಿಸಿ "ಮೊದಲು ನೋಡಿ" ಎಂದು ಕೇಳುವುದು ದಾಕ್ಷಿಣ್ಯದ ಬೇಡಿಕೆಯಾಗಬೇಕಿಲ್ಲ, ಕಾನೂನೇ ಕೊಟ್ಟ ಹಕ್ಕು ಅದು.

ಹಳೇ ಪೇಟೆಯಲ್ಲಿ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಇದುವರೆಗೆ ಈ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಂಡು ಬಂದವರು ಯೋಜನೆಗಳಲ್ಲ, ಫ್ಯಾಮಿಲಿ ಡಾಕ್ಟರುಗಳು. ಮೂರು ತಲೆಮಾರು ನೋಡಿದ ಡಾಕ್ಟರಿಗೆ ಆ ಮನೆಯ ಹುಡುಗ ಸೂಜಿಗೆ ಹೆದರುತ್ತಾನೆ, ಬೆನ್ನು ಮುಟ್ಟಿದರೆ ಕಿರುಚುತ್ತಾನೆ ಎಂದು ಗೊತ್ತು. ಕ್ಲಿನಿಕ್ ಮುಚ್ಚುವ ಹೊತ್ತಿಗೆ ಬರಹೇಳುತ್ತಾರೆ, ಇಲ್ಲವೇ ತಾವೇ ಮನೆಗೆ ಹೋಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಆಟಿಸಂ ಇರುವ ವಯಸ್ಕರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇನ್ನೂ ಹುಟ್ಟಿಲ್ಲ. ತೊಂದರೆಯೆಂದರೆ ಇದು ಅದೃಷ್ಟದ ಮಾತು. ಆ ಡಾಕ್ಟರಿಗೂ ವಯಸ್ಸಾಗುತ್ತದೆ, ಒಂದು ದಿನ ಬೋರ್ಡು ಇಳಿಯುತ್ತದೆ, ಅವರ ತಲೆಯಲ್ಲಿದ್ದ ಇಪ್ಪತ್ತು ಮೂವತ್ತು ವರ್ಷಗಳ ತಿಳಿವಳಿಕೆ ಎಲ್ಲಿಯೂ ಬರೆದಿಟ್ಟಿರುವುದಿಲ್ಲ.

2022ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳು ಆ ಜಾಗವನ್ನು ತುಂಬಬಹುದಿತ್ತು. ಒಬ್ಬ ಡಾಕ್ಟರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್ ಇರುವ, ಮನೆ ಹತ್ತಿರದ ಸಣ್ಣ ಜಾಗ. ಗಾತ್ರದಲ್ಲಿ ಇದು ಸರಿಯೇ. ಆದರೆ ಅಲ್ಲಿನ ಡಾಕ್ಟರು ಗುತ್ತಿಗೆಯವರಾಗಿದ್ದು ಇಂದು ಇದ್ದವರು ನಾಳೆ ಇಲ್ಲವೆಂದಾದರೆ, ಮುಖ ಬದಲಾದಾಗಲೆಲ್ಲ ಆಟಿಸಂ ಇರುವವನು ಮೊದಲಿನಿಂದ ಹೊಂದಿಕೊಳ್ಳಬೇಕು. 2024ರಲ್ಲಿ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಶುಗರ್ ಮುಂತಾದವನ್ನು ಸಿಬ್ಬಂದಿ ಮನೆಗೇ ಬಂದು ನೋಡುತ್ತಾರೆ. ನಮಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಇದೇ. ಕ್ಲಿನಿಕ್ಕಿನ ಹೊಸ್ತಿಲು ದಾಟಲಾರದವನು ತನ್ನ ಮನೆಯ ಚಾಪೆಯ ಮೇಲೆ ಕುಳಿತು ತೋಳು ಚಾಚಬಲ್ಲ. ಆದರೆ ಬಂದವರು "ಇವನನ್ನು ಬಿಡಿ, ಇವನಿಗೆ ತಿಳಿಯುವುದಿಲ್ಲ" ಎಂದು ಪಕ್ಕದ ಮನೆಗೆ ಹೋಗಬಾರದು, ಮನೆಯವರೂ ಹಾಗೆ ಹೇಳಿ ಕಳಿಸಬಾರದು. 14416ರ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. ತಂದೆತಾಯಿಯರ ಬಳಲಿಕೆಗೆ ಅದು ಉಪಯೋಗಕ್ಕೆ ಬಂದೀತು, ಕಿವಿನೋವಿಗೆ ಬಾರದು.

ಖರ್ಚಿನ ಮಾತಿಗೆ ಬಂದರೆ, ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ವಯಸ್ಸಿನ ಮಿತಿಯಿಲ್ಲದೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ನೆರವಿದೆ, ಒಪಿಡಿ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಮಕ್ಕಳಿಗೆ ಮಾತ್ರ ಎಂದು ತಿಳಿದು ನವೀಕರಿಸದೆ ಬಿಟ್ಟವರು ವಿಚಾರಿಸುವುದು ಒಳ್ಳೆಯದು.

ನಮ್ಮ ಧರ್ಮಕೇಂದ್ರಗಳಲ್ಲಿ ಉಚಿತ ಆರೋಗ್ಯ ಶಿಬಿರಗಳು ನಡೆಯುತ್ತಲೇ ಇರುತ್ತವೆ. ಶಾಮಿಯಾನ, ಮೈಕು, ಉದ್ಘಾಟನಾ ಭಾಷಣ, ಉದ್ದದ ಸಾಲು: ಆಟಿಸಂ ಇರುವವರನ್ನು ದೂರವಿಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ! ಮೈಕು ಹಚ್ಚುವ ಮೊದಲಿನ ಒಂದು ಗಂಟೆಯನ್ನು ಇಂಥವರಿಗೆಂದೇ ಕಾದಿರಿಸಿ, ವಾಳೆಯ ಗುರಿಕಾರರ ಮೂಲಕ ಮೊದಲೇ ಹೆಸರು ಕೇಳಿ ಸಮಯ ಗೊತ್ತುಮಾಡಿದರೆ ನಯಾಪೈಸೆ ಹೆಚ್ಚು ಖರ್ಚಾಗದು. ಇನ್ನೊಂದು ಕೆಲಸ ಮನೆಯವರೇ ಮಾಡಬೇಕಾದದ್ದು. ಎಪ್ಪತ್ತು ದಾಟಿದ ತಾಯಿಯೊಬ್ಬರಿಗೇ ಮಗನ ನೋವಿನ ಭಾಷೆ ಗೊತ್ತು ಎಂಬ ಮನೆಗಳು ನಮ್ಮಲ್ಲಿ ಬಹಳ ಇವೆ. ನೋವಾದಾಗ ಅವನು ಹೇಗೆ ತೋರಿಸುತ್ತಾನೆ, ಯಾವ ಸದ್ದು, ಯಾವ ಸ್ಪರ್ಶ ಆಗದು, ಯಾವ ಔಷಧ ಹಿಂದೆ ಒಗ್ಗಲಿಲ್ಲ, ಮೂರ್ಛೆ ಬಂದದ್ದುಂಟೇ, ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಅವನಿಗೂ ಓದಿ ಹೇಳಿ, ಆಧಾರ್ ಕಾರ್ಡಿನ ಜತೆ ಇಡಬೇಕು. ಬರೆಯಲು ಬಾರದ ತಾಯಂದಿರ ಬಳಿ ಕುಳಿತು ಬರೆದುಕೊಡುವುದಕ್ಕೆ ಧರ್ಮಭಗಿನಿಯರು, ಯುವಸಂಚಲನದವರು ಒಂದು ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಸಾಕು.