ಕಾಲೂರದೆ ನಿಲ್ಲೋದು ಕಲಿತರೆ ಅರ್ಧ ಗೆದ್ದಂಗೆ

ಗಣಪತಿ ಹಬ್ಬದ ಆಟೋಟಗಳಲ್ಲಿ ನಿಧಾನ ಸೈಕಲ್ ಸ್ಪರ್ಧೆ ನೋಡಿರ್ತೀರಿ. ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವರಿಗೆ ಮೊದಲ ಬಹುಮಾನ. ಮಧ್ಯದಲ್ಲಿ ಕಾಲು ನೆಲಕ್ಕೆ ತಾಗಿತೋ, ಔಟ್. ಆರನೇ ಕ್ಲಾಸಿನಲ್ಲಿ ಆ ಸ್ಪರ್ಧೆಯಲ್ಲಿ ನನಗೊಂದು ಸ್ಟೀಲ್ ಡಬ್ಬಿ ಬಂದಿತ್ತು. ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಇರೋದು ಅದರಲ್ಲೇ.

ಆ ಆಟದ ದೊಡ್ಡಣ್ಣನಂಥ ಕ್ರೀಡೆಯೊಂದಿದೆ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ, ಮೊಬೈಲ್‌ನಲ್ಲಿ. ಹೆಸರು ಬೈಕ್ ಟ್ರಯಲ್ಸ್. ಇಲ್ಲಿ ರೇಸ್ ಇಲ್ಲ, ವೇಗಕ್ಕೆ ಬೆಲೆ ಇಲ್ಲ. ಬಂಡೆ, ಮರದ ದಿಮ್ಮಿ, ಮೆಟ್ಟಿಲು, ಕಟ್ಟೆ ಇಂಥವನ್ನೆಲ್ಲ ಕಾಲೂರದೆ ದಾಟಬೇಕು. ಅಷ್ಟೇ. 'ಅಷ್ಟೇ' ಅನ್ನೋದು ಎಷ್ಟು ಕಷ್ಟ ಅಂತ ಆಮೇಲೆ ಹೇಳ್ತೀನಿ.

ಇದು ಶುರುವಾಗಿದ್ದು ಮೋಟರ್‌ಸೈಕಲ್‌ನಲ್ಲಿ. ಅಲ್ಲಿ ಲೆಕ್ಕ ಸರಳ: ಒಂದು ಸಲ ಕಾಲೂರಿದರೆ 1 ಅಂಕ ದಂಡ, ಎರಡು ಸಲಕ್ಕೆ 2, ಅದಕ್ಕಿಂತ ಹೆಚ್ಚಾದರೆ 3, ಬಿದ್ದರೆ 5. ಕಡಿಮೆ ದಂಡ ತೆತ್ತವರು ಗೆದ್ದ ಹಾಗೆ. ನಮ್ಮೂರಿನ ರಸ್ತೆಗಳಲ್ಲಿ ಗುಡುಗುಡು ಅಂತ ಓಡಾಡೋ ಬುಲೆಟ್‌ಗೂ ಈ ಆಟಕ್ಕೂ ಹಳೇ ನಂಟಿದೆ. ಜಾನಿ ಬ್ರಿಟನ್ ಎಂಬ ಸವಾರ 1952 ಮತ್ತು 1957ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಗೆದ್ದಿದ್ದು ರಾಯಲ್ ಎನ್‌ಫೀಲ್ಡ್ ಮೇಲೆ. ಅದರ ನೆನಪಿಗೇ ಕಂಪನಿ 2019ರಲ್ಲಿ ನಮ್ಮಲ್ಲಿ 'ಬುಲೆಟ್ ಟ್ರಯಲ್ಸ್' ಅಂತ ಮಾಡೆಲ್ ಬಿಟ್ಟಿತ್ತು.

ಸೈಕಲ್‌ಗೆ ಈ ಆಟ ಇಳಿದಿದ್ದು ಸ್ಪೇನ್‌ನ ಕಟಲೋನಿಯಾದಲ್ಲಿ. ಪೇರೆ ಪಿ ಎಂಬ ಮೋಟರ್‌ಸೈಕಲ್ ಸವಾರ ತನ್ನ ಮಗನ ಅಭ್ಯಾಸಕ್ಕೆ ಸೈಕಲ್ ಹಿಡಿದ, ಮಗ ಓಟ್ ಪಿ ಮುಂದೆ ಇದರಲ್ಲಿ ವಿಶ್ವ ಚಾಂಪಿಯನ್ ಆದ. ನಮ್ಮ ತಲೆಮಾರಿಗೆ ಹುಚ್ಚು ಹಿಡಿಸಿದ್ದು ಡ್ಯಾನಿ ಮ್ಯಾಕಸ್ಕಿಲ್. ಎಡಿನ್‌ಬರೋದ ಸೈಕಲ್ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದವನು. 2009ರಲ್ಲಿ ಅವನು ಕಬ್ಬಿಣದ ಬೇಲಿಯ ಮೊನೆಗಳ ಮೇಲೆ ಸೈಕಲ್ ಓಡಿಸಿದ ವಿಡಿಯೋ ಬಂತು. ನಾನು ಅದನ್ನ ನೋಡಿದ್ದು ಎಷ್ಟೋ ವರ್ಷ ತಡವಾಗಿ. ನೋಡಿದ ವಾರವೇ ಸೈಕಲ್ ಆರ್ಡರ್ ಮಾಡಿದೆ.

ಮೊದಲು ನಾನು ಮಾಡಿದ ತಪ್ಪು

ಬಜೆಟ್ ಪೂರ್ತಿ ಸೈಕಲ್‌ಗೇ ಹಾಕಿದೆ. ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್, 21 ಗೇರ್, ಕಣ್ಣು ಕುಕ್ಕೋ ಬಣ್ಣ. ಹೆಲ್ಮೆಟ್‌ಗೆ 'ಮುಂದಿನ ತಿಂಗಳು ಸಂಬಳ ಬರಲಿ' ಅಂದುಕೊಂಡೆ. ಆ ಮುಂದಿನ ತಿಂಗಳು ನಾಲ್ಕು ತಿಂಗಳಾಯ್ತು.

ಆಲ್ಕೊಳದ ಸುತ್ತಮುತ್ತ ಹೊಸ ಲೇಔಟ್‌ಗಳಿವೆ. ರಸ್ತೆ, ಚರಂಡಿ, ಅಂಚುಗಲ್ಲು ಎಲ್ಲ ರೆಡಿ, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ಬೆಳಗ್ಗೆ ಆರಕ್ಕೆ ಅಲ್ಲಿ ಹೋಗಿ ಅಂಚುಗಲ್ಲು ಹತ್ತೋದು, ಇಳಿಯೋದು. ನಮ್ಮ ಮೇಲಿನ ಮನೆ ಹುಡುಗ, ಏಳನೇ ಕ್ಲಾಸು, ದಿನಾ ಬಂದು ಕಲ್ಲಿನ ಮೇಲೆ ಕೂತು ನೋಡ್ತಿದ್ದ. ನನಗೂ ಒಳಗೊಳಗೇ ಖುಷಿ, ಅಭಿಮಾನಿಯೊಬ್ಬ ಸಿಕ್ಕಿದ ಅಂತ.

ಒಂದು ಭಾನುವಾರ ಅವನು ತನ್ನ ಸ್ಕೂಲ್ ಸೈಕಲ್‌ನಲ್ಲಿ ಮೂರು ಮೆಟ್ಟಿಲು ಇಳಿಸೋಕೆ ಹೋಗಿ ಮುಗ್ಗರಿಸಿದ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಕಣ್ಣಿಗೆ ಏನೂ ಆಗಲಿಲ್ಲ ಅನ್ನೋದೇ ಪುಣ್ಯ. ಸಂಜೆ ನೋಡೋಕೆ ಹೋದೆ. "ಹೆಲ್ಮೆಟ್ ಇಲ್ದೆ ಯಾಕೋ ಮಾಡ್ದೆ?" ಅಂತ ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿರಬೇಕು. "ನೀವೂ ಹಾಕ್ಕೊಳ್ಳಲ್ವಲ್ಲ ಅಕ್ಕಾ" ಅಂದ.

ಅವರಮ್ಮ ಕಾಫಿ ತಂದುಕೊಟ್ಟರು. ಬಯ್ಯಲಿಲ್ಲ. "ಅವ್ನು ನಿನ್ನ ನೋಡೇ ಕಲ್ತಿದ್ದು ಕಣಮ್ಮ. ಬಿಡು ಅಂದ್ರೆ ಬಿಡಲ್ಲ. ಹೇಳ್ಕೊಡೋದಾದ್ರೆ ಸರಿಯಾಗಿ ಹೇಳ್ಕೊಡು" ಅಂದರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಆವತ್ತಿಂದ ನನ್ನ ಲೆಕ್ಕ ತಿರುಗಾಮುರುಗಾ ಆಯ್ತು. ನೀವು ಶುರು ಮಾಡೋದಾದ್ರೆ ದುಡ್ಡು ಯಾವ ಕ್ರಮದಲ್ಲಿ ಖರ್ಚಾಗಬೇಕು ಅನ್ನೋದನ್ನೇ ಹೇಳ್ತೀನಿ.

ಮೊದಲ ಖರ್ಚು: ಮೈಗೆ

ಹೆಲ್ಮೆಟ್: ಟ್ರಯಲ್ಸ್‌ನಲ್ಲಿ ಹಿಂದಕ್ಕೆ ಬೀಳೋದು ಮಾಮೂಲು. ಹಾಗಾಗಿ ತಲೆಯ ಹಿಂಭಾಗವನ್ನೂ ಚೆನ್ನಾಗಿ ಮುಚ್ಚುವ ಸೈಕಲ್ ಹೆಲ್ಮೆಟ್ ಬೇಕು. ಸ್ಕೂಟರ್ ಹೆಲ್ಮೆಟ್ ಬೇಡ, ಭಾರ ಮತ್ತು ಸೆಖೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ತಲೆ ಅಲ್ಲಾಡಿಸಿದರೆ ಅದು ಅಲ್ಲಾಡಬಾರದು. ಒಂದು ಸಲ ಜೋರಾಗಿ ಪೆಟ್ಟು ಬಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಬದಲಾಯಿಸಿ, ಒಳಗಿನ ಫೋಮ್ ಜಜ್ಜಿಹೋಗಿರುತ್ತೆ.

ಶಿನ್ ಗಾರ್ಡ್: ಪೆಡಲ್ ತಿರುಗಿ ಮಂಡಿ ಕೆಳಗಿನ ಮೂಳೆಗೆ ಹೊಡೆದಾಗಲೇ ಇದರ ಬೆಲೆ ಗೊತ್ತಾಗೋದು. ಫುಟ್‌ಬಾಲ್ ಆಡುವವರು ಹಾಕೋದು ಸಾಕು.

ಕೈಗವಸು: ಬಿದ್ದಾಗ ಮೊದಲು ನೆಲ ಮುಟ್ಟೋದು ಅಂಗೈ. ಲ್ಯಾಪ್‌ಟಾಪ್ ಮುಂದೆ ದುಡಿಯುವವರಿಗೆ ಅಂಗೈ ಕಿತ್ತುಹೋದರೆ ಆ ವಾರ ನರಕ.

ಶೂ: ಮೆತ್ತನೆಯ ರನ್ನಿಂಗ್ ಶೂ ಬೇಡ. ಅಡಿ ಚಪ್ಪಟೆಯಾಗಿರುವ ರಬ್ಬರ್ ಸೋಲ್ ಬೇಕು. ಚಪ್ಪಲಿಯಂತೂ ಬೇಡವೇ ಬೇಡ.

ಇವೆಲ್ಲ ಸೇರಿದರೂ ನಿಮ್ಮ ಕೈಯಲ್ಲಿರೋ ಫೋನಿನ ಬೆಲೆ ಮುಟ್ಟಲ್ಲ.

ಎರಡನೇ ಖರ್ಚು: ಇರೋ ಸೈಕಲ್‌ಗೆ

ಅಸಲಿ ಟ್ರಯಲ್ಸ್ ಸೈಕಲ್‌ಗೆ ಸೀಟೇ ಇರಲ್ಲ. ಫ್ರೇಮ್ ತಗ್ಗು, ಗೇರ್ ಒಂದೇ ಮತ್ತು ತುಂಬಾ ಹಗುರ, ಚಕ್ರ 20, 24 ಅಥವಾ 26 ಇಂಚು. ಇದು ನಮ್ಮೂರ ಅಂಗಡಿಯಲ್ಲಿ ಸಿಗೋ ಸಾಮಾನಲ್ಲ, ಹೊರದೇಶದಿಂದ ತರಿಸಿದರೆ ಜೇಬು ಖಾಲಿ. ಮೊದಲ ವರ್ಷಕ್ಕೆ ಅದರ ಅಗತ್ಯವೂ ಇಲ್ಲ. ನಿಮ್ಮ ಅಳತೆಗಿಂತ ಸ್ವಲ್ಪ ಚಿಕ್ಕ ಫ್ರೇಮಿನ, ಹಿಂದೆ ಸಸ್ಪೆನ್ಷನ್ ಇಲ್ಲದ ಎಂಟಿಬಿ ಸಾಕು. ಸೀಟನ್ನು ಪೂರ್ತಿ ಇಳಿಸಿಬಿಡಿ.

ನನ್ನ ಬಣ್ಣದ ಸೈಕಲ್ ಯಾಕೆ ಕೆಲಸಕ್ಕೆ ಬರಲಿಲ್ಲ ಗೊತ್ತಾ? ಹಾರೋಕೆ ಅಂತ ಕಾಲಿನಿಂದ ಹಾಕಿದ ಬಲವನ್ನೆಲ್ಲ ಸಸ್ಪೆನ್ಷನ್ ನುಂಗ್ತಿತ್ತು. ಹಾಸಿಗೆ ಮೇಲೆ ನಿಂತು ನೆಗೆದ ಹಾಗೆ.

ಇರೋ ಸೈಕಲ್‌ನಲ್ಲಿ ಮೂರು ವಿಷಯಕ್ಕೆ ದುಡ್ಡು ಹಾಕಿ. ಒಂದು, ಬ್ರೇಕ್. ಒಂದೇ ಬೆರಳಲ್ಲಿ ಒತ್ತಿದರೆ ಚಕ್ರ ಗಪ್ಪಂತ ನಿಲ್ಲಬೇಕು. ಎರಡು, ಪೆಡಲ್. ಅಗಲವಾದ, ಸಣ್ಣ ಪಿನ್‌ಗಳಿರುವ ಚಪ್ಪಟೆ ಪೆಡಲ್. ಮೂರು, ಚೈನ್. ಸವೆದ ಚೈನ್ ಹಾರೋ ಹೊತ್ತಿಗೆ ಒಂದು ಹಲ್ಲು ಜಾರಿದರೆ ನೀವು ನೇರ ಹ್ಯಾಂಡಲ್ ಮೇಲೆ. ಹೊಸ ಚೈನ್ ಹಾಕಿಸಿ, ಹಿಂದಿನ ಹಲ್ಲುಚಕ್ರ ಸವೆದಿದ್ದರೆ ಅದನ್ನೂ. ಟೈರ್‌ನಲ್ಲಿ ಗಾಳಿ ರಸ್ತೆಗಿಂತ ಸ್ವಲ್ಪ ಕಡಿಮೆ ಇರಲಿ, ಹಿಡಿತ ಬರುತ್ತೆ. ತೀರಾ ಇಳಿಸಿದರೆ ಅಂಚುಗಲ್ಲಿಗೆ ಸಿಕ್ಕಿ ಟ್ಯೂಬ್ ಪಂಚರ್.

ಆಮೇಲೆ ಅಭ್ಯಾಸ

ಮೊದಲ ಪಾಠ ಹಾರೋದಲ್ಲ, ಇಳಿಯೋದು. ನಿಧಾನಕ್ಕೆ ಹೋಗ್ತಾ, ಬ್ಯಾಲೆನ್ಸ್ ತಪ್ಪಿತು ಅನ್ನಿಸಿದ ಕೂಡಲೇ ಎರಡೂ ಕಾಲು ಬಿಟ್ಟು ಹಿಂದಕ್ಕೆ ನೆಲಕ್ಕೆ ಹಾರಿ ನಿಲ್ಲಿ. ಸೈಕಲ್ ಬಿದ್ದರೆ ಬೀಳಲಿ. ಇದನ್ನ ಇಪ್ಪತ್ತು ಸಲ ಮಾಡಿ.

ಎರಡನೇದು ನಿಲ್ಲೋದು. ಸ್ವಲ್ಪ ಏರು ಇರೋ ಜಾಗ ಹುಡುಕಿ. ಪೆಡಲ್ ಎರಡೂ ಸಮ, ಮುಂದಿನ ಚಕ್ರ ಏರಿನ ಕಡೆಗೆ ಸ್ವಲ್ಪ ತಿರುಗಿರಲಿ. ಮುಂದಕ್ಕೆ ಹೋಗೋಕೆ ಪೆಡಲ್ ಮೇಲೆ ಚೂರು ಭಾರ, ಹಿಂದಕ್ಕೆ ಬರೋಕೆ ಇಳಿಜಾರೇ ಸಾಕು. ಕಣ್ಣು ಚಕ್ರದ ಮೇಲಲ್ಲ, ನಾಲ್ಕೈದು ಅಡಿ ಮುಂದೆ. ನನಗೆ ಹತ್ತು ಸೆಕೆಂಡ್ ನಿಲ್ಲೋಕೆ ಎರಡು ವಾರ ಹಿಡೀತು.

ಮೂರನೇದಕ್ಕೆ ಮಲೆನಾಡಿನ ಸಾಮಾನು: ಅಡಿಕೆ ದಬ್ಬೆ. ಸೀಳಿದ ಎರಡು ದಬ್ಬೆ ಪಕ್ಕಪಕ್ಕ ಜೋಡಿಸಿ ನೆಲದ ಮೇಲೇ ಇಟ್ಟು, ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ಹೋಗಿ. ಅದು ಬಂದಮೇಲೆ ಒಂದು ಇಟ್ಟಿಗೆ ಎತ್ತರಕ್ಕೆ ಮುಂದಿನ ಚಕ್ರ ಎತ್ತಿಡೋದು, ಹಿಂದೆಯೇ ಹಿಂದಿನ ಚಕ್ರ. ಎರಡೂ ಬ್ರೇಕ್ ಹಿಡಿದು ನಿಂತಲ್ಲೇ ಕುಪ್ಪಳಿಸೋದು ಅದಾದ ಮೇಲೆ. ಎತ್ತರ ಹೆಚ್ಚಿಸೋಕೆ ಆತುರ ಬೇಡ. ಒಂದೇ ಎತ್ತರವನ್ನ ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಹತ್ತಿದ ಮೇಲೆ ಇನ್ನೊಂದು ಇಟ್ಟಿಗೆ.

ಮಳೆಗಾಲದಲ್ಲಿ ನಮ್ಮ ಕಡೆ ಕಲ್ಲಿಗೆ, ದಬ್ಬೆಗೆ, ಕಾಂಕ್ರೀಟಿಗೆ ಎಲ್ಲಕ್ಕೂ ಪಾಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನೊಳಗೆ ನಿಲ್ಲೋದನ್ನೇ ಪಕ್ಕಾ ಮಾಡಿಕೊಳ್ಳಿ. ದೇವಸ್ಥಾನದ ಮೆಟ್ಟಿಲು, ಪಾರ್ಕಿನ ಬೆಂಚು, ಬೇರೆಯವರ ಕಾಂಪೌಂಡು ಮುಟ್ಟಬೇಡಿ. ಕಲ್ಲಿಗೂ ಗಾಯ ಆಗುತ್ತೆ, ಹೆಸರಿಗೂ.

ಈಗ ನಾವಿಬ್ಬರು

ಹೊಲಿಗೆ ಬಿಚ್ಚಿದ ಮೇಲೆ ಆ ಹುಡುಗನಿಗೆ ಹೆಲ್ಮೆಟ್ ಕೊಡಿಸಿದೆ. ಅಂಗಡಿಗೆ ಅವನನ್ನೇ ಕರ್ಕೊಂಡು ಹೋಗಿ, ತಲೆಗೆ ಸರಿಯಾಗಿ ಕೂರೋದನ್ನ ಅವನ ಕೈಲೇ ಆರಿಸಿ. ನನ್ನದನ್ನೂ ಅವತ್ತೇ ತಗೊಂಡೆ. ಬಣ್ಣದ ಸೈಕಲ್ ಮಾರಿ, ಕೈಬದಲಾದ ಸಾದಾ ಎಂಟಿಬಿ ತಂದೆ.

ಅವನ ಹುಬ್ಬಿನ ಮೇಲೆ ಸಣ್ಣ ಗೆರೆಯೊಂದು ಉಳಿದಿದೆ. ಅವನಿಗೆ ಅದು ಸ್ಟೈಲು. ನಾನು ಮಾತ್ರ ಪ್ರತಿ ಬೆಳಗ್ಗೆ ಅದನ್ನ ನೋಡಿಯೇ ನನ್ನ ಹೆಲ್ಮೆಟ್ ಪಟ್ಟಿ ಬಿಗಿದುಕೊಳ್ಳೋದು. ನೀವು ಸೈಕಲ್ ಹತ್ತಿದಾಗ ಯಾವುದೋ ಕಲ್ಲಿನ ಮೇಲೆ ಕೂತು ಒಬ್ಬರು ನೋಡ್ತಾ ಇರ್ತಾರೆ, ಮರೀಬೇಡಿ.

ಕಳೆದ ವಾರ ಲೆಕ್ಕ ಹಾಕಿದೆವು. ಕಾಲೂರದೆ ನಾನು ನಿಂತಿದ್ದು 48 ಸೆಕೆಂಡ್. ಅವನು 1 ನಿಮಿಷ 5 ಸೆಕೆಂಡ್. ಬರೋ ಗಣಪತಿ ಹಬ್ಬಕ್ಕೆ ನಿಧಾನ ಸೈಕಲ್ ಸ್ಪರ್ಧೆ ಇಟ್ಟರೆ, ಈ ಸಲದ ಸ್ಟೀಲ್ ಡಬ್ಬಿ ಮೇಲಿನ ಮನೆಗೇ ಹೋಗುತ್ತೆ.